ಹನನ್ಯನ 2 ವರ್ಷ, ಯೆರೆಮೀಯನ 70

ಕರ್ತನಲ್ಲಿ ಪ್ರಿಯ ತಂಗಿಗೆ,

ನಿನ್ನ ಧ್ಯಾನ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ತೊಂದರೆ ಇರುವುದು ಮೂರನೆಯ ಪ್ಯಾರಾದಲ್ಲಿ. ‘ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ’ ಎಂದು ದೇವರು ಹೇಳುವ ಯೆರೆಮೀಯ 29:11 ಎತ್ತಿಕೊಂಡು, ‘ನಿಮ್ಮ ಕಷ್ಟ ಈ ವರ್ಷವೇ ಮುಗಿಯುತ್ತದೆ, ನನ್ನ ಹೃದಯ ಹಾಗೆ ಹೇಳುತ್ತಿದೆ’ ಎಂದು ಬರೆದಿದ್ದೀಯ.

ಒಂದೇ ಒಂದು ವಚನ ಹಿಂದಕ್ಕೆ ಹೋಗು. ಅಲ್ಲಿ 70 ವರ್ಷ ಎಂದಿದೆ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಕಳಿಸಿದ ಕಾಗದ ಅದು. ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಅಲ್ಲೇ ಮಣ್ಣಾಗುವವರು. ಅದಕ್ಕೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ ಎಂಬ ಮಾತು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ನಿಂತು, 2 ವರ್ಷದೊಳಗೆ ಸೆರೆಹೋದವರೂ ದೇವಾಲಯದ ಪಾತ್ರೆಗಳೂ ಎಲ್ಲವೂ ಮರಳಿ ಬರುತ್ತವೆ ಎಂದು ಯೆಹೋವನ ಹೆಸರಿನಲ್ಲೇ ಸಾರುತ್ತಾನೆ. ಜನರಿಗೆ ಬೇಕಾಗಿದ್ದದ್ದೂ ಅದೇ. ಯೆರೆಮೀಯ ‘ಆಮೆನ್’ ಅನ್ನುತ್ತಾನೆ (28:6). ಅದು ವ್ಯಂಗ್ಯ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ತನ್ನ ಜನಕ್ಕಾಗಿ ಹಗಲಿರುಳು ಅಳಲು ಬಯಸಿದವನಿಗೂ (9:1) ಅದೇ ಆಸೆ. ಆದರೂ ತನ್ನ ಆಸೆಯನ್ನು ಅವನು ದೇವರ ಮಾತೆಂದು ಹೇಳಲಿಲ್ಲ.

ಇನ್ನು ಮುಂದೆ, ಬಳಸುವ ವಚನದ ಹಿಂದೆ ಮುಂದೆ ಒಂದೊಂದು ಅಧ್ಯಾಯ ಗಟ್ಟಿಯಾಗಿ ಓದು. ಯಾರು, ಯಾರಿಗೆ, ಯಾವಾಗ ಹೇಳಿದ್ದೆಂದು ಅಂಚಿನಲ್ಲಿ ಬರೆದುಕೋ. ‘ನೀನು’ ಇದೆಯೋ ‘ನೀವು’ ಇದೆಯೋ ನೋಡು. ನಮ್ಮ ಹಳೆಯ ಅನುವಾದದಲ್ಲಿ ‘ನೀವು’ ಸಾಮಾನ್ಯವಾಗಿ ಗೌರವಕ್ಕಲ್ಲ, ಹಲವರಿಗೆ. ಒಂದಿಡೀ ಜನಕ್ಕೆ ಕೊಟ್ಟ ಮಾತನ್ನು ಒಬ್ಬಳ ಕೆಲಸದ ಸಂದರ್ಶನಕ್ಕೆ ಅಂಟಿಸಿದರೆ, ಕೆಲಸ ಸಿಗದ ದಿನ ಅವಳು ದೇವರೇ ಮಾತು ತಪ್ಪಿದನೆಂದುಕೊಳ್ಳುತ್ತಾಳೆ. ತಪ್ಪಿದ್ದು ನಾವು.

ನಿನ್ನ ಕರಡಿನಲ್ಲಿ ‘ಅನ್ನಿಸಿತು’, ‘ಸಮಾಧಾನವಾಯಿತು’ ಎಂದಿರುವಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆ. ಆ ಗೆರೆಯ ಪಕ್ಕ ವಚನದ ಆಧಾರ ಬರೆಯಲಾಗದಿದ್ದರೆ, ಅದು ನಿನ್ನ ಅನಿಸಿಕೆ ಎಂದೇ ಹೇಳು. ಮನಸ್ಸಿನ ಸಮಾಧಾನವೇ ದೇವರ ಚಿತ್ತದ ಗುರುತಲ್ಲ. ಪ್ರವಾದಿ ಯೋನನು ದೇವರಿಂದ ಓಡಿಹೋಗುವಾಗ ಹಡಗಿನ ಒಳಗೆ ಗಾಢ ನಿದ್ದೆಯಲ್ಲಿದ್ದ. ಗೆತ್ಸೇಮನೆಯಲ್ಲಿ ತಂದೆಯ ಚಿತ್ತಕ್ಕೆ ತಲೆಬಾಗಿದ ಯೇಸುವಿಗೆ ಪ್ರಾಣ ಹೋಗುವಷ್ಟು ದುಃಖ.

ಹಾಗೆಂದು ಅಳುವನ್ನು ಒರೆಸಿಹಾಕಬೇಡ. 13ನೆಯ ಕೀರ್ತನೆಯ ಇಬ್ರಿಯ ಮೂಲದಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ಮೊದಲೆರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ. 88ನೆಯದು ಕತ್ತಲಲ್ಲೇ ನಿಲ್ಲುತ್ತದೆ. ಅದಕ್ಕೆ ಸಿಹಿ ಮುಕ್ತಾಯ ಹೊಲಿಯಲು ಹೋಗಬೇಡ.

‘ಈ ವರ್ಷವೇ’ ಎಂಬುದನ್ನು ತೆಗೆದು, 10ನೆಯ ವಚನ ಸೇರಿಸಿ, ಮೂರನೆಯ ಪ್ಯಾರಾ ಮತ್ತೆ ಕಳಿಸು. ಕಾಯುತ್ತಿರುತ್ತೇನೆ.

ಕರ್ತನ ಸೇವೆಯಲ್ಲಿ,
ನಿನ್ನ ಅಣ್ಣ