ಸುಧಿಯ ಜ್ವರದ ವಿಷಯ, ಅಮ್ಮನಿಗೆ

ಪ್ರೀತಿಯ ಅಮ್ಮ,

ನಮಸ್ಕಾರ. ನಾನು ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅಜ್ಜಿಗೂ ಚಿಕ್ಕಮ್ಮನಿಗೂ ನಮಸ್ಕಾರ ತಿಳಿಸು.

ಸುಧಿಗೆ ಡೆಂಗಿ ಬಂದದ್ದನ್ನು ಎಲ್ಲ ಮುಗಿದ ಮೇಲೆ ತಿಳಿಸಿದ್ದೀಯ. "ದೂರದಲ್ಲಿರೋಳು, ಸುಮ್ನೆ ಗಾಬರಿ ಮಾಡ್ಕೋತಾಳೆ" ಅಂತ ಅಪ್ಪ ಅಂದರಂತೆ. ಡೆಂಗಿ ವೈರಸ್ಸನ್ನೇ ಹಗಲೂ ರಾತ್ರಿ ಓದುವವಳಿಗೆ ಸ್ವಂತ ಮನೆಯ ಡೆಂಗಿ ಸುದ್ದಿ ಎಲ್ಲರಿಗಿಂತ ಕೊನೆಗೆ! ಹೋಗಲಿ, ಹುಡುಗ ಎದ್ದು ಓಡಾಡುತ್ತಿದ್ದಾನಲ್ಲ, ಅಷ್ಟು ಸಾಕು. ಈ ಸಲ ಜಗಳ ಬೇಡ.

ಆದರೆ ನಿನ್ನ ಕಾಗದದ ಕೊನೆಯ ಸಾಲು ನನ್ನ ನಿದ್ದೆ ಕೆಡಿಸಿದೆ. "ಒಂದ್ಸಲ ಬಂದು ಹೋಯ್ತಲ್ಲ, ಇನ್ನು ಬರಲ್ಲ" ಅಂತ ಅಪ್ಪ ಸೊಳ್ಳೆ ಪರದೆ ಮಡಿಚಿಟ್ಟರು ಅಂತ ಬರೆದಿದ್ದೀಯ. ಅಮ್ಮ, ಇದನ್ನು ಓದಿದ ತಕ್ಷಣ ಮೊದಲು ಆ ಪರದೆ ಮತ್ತೆ ಕಟ್ಟಿಸು. ಆಮೇಲೆ ಮುಂದೆ ಓದು.

ಡೆಂಗಿ ವೈರಸ್ ಒಂದಲ್ಲ, ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಆ ಒಂದರಿಂದ ಬಹುಮಟ್ಟಿಗೆ ಜೀವನಪೂರ್ತಿ ರಕ್ಷಣೆ. ಉಳಿದ ಮೂರರಿಂದ ಕೆಲವು ತಿಂಗಳು ಅಷ್ಟೋ ಇಷ್ಟೋ ರಕ್ಷಣೆ ಇರುತ್ತದೆ, ಆಮೇಲೆ ಅದು ಕರಗಿಹೋಗುತ್ತದೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಸುಧಿಯ ರಕ್ತದಲ್ಲಿ ಈಗಿರುವ ಪ್ರತಿಕಾಯಗಳು (ರೋಗದ ವಿರುದ್ಧ ಮೈ ತಯಾರಿಸಿಕೊಂಡ ರಕ್ಷಕ ಪ್ರೋಟೀನುಗಳು) ಇನ್ನೊಂದು ಬಗೆಯ ವೈರಸ್ ಬಂದಾಗ ಅದನ್ನು ಹಿಡಿದುಕೊಳ್ಳುತ್ತವೆ, ಆದರೆ ಕೊಲ್ಲುವಷ್ಟು ಬಿಗಿಯಾಗಿ ಅಲ್ಲ. ಹಾಗೆ ಹಿಡಿದುಕೊಂಡೇ ಅದನ್ನು ಬಿಳಿ ರಕ್ತಕಣಗಳ ಒಳಗೆ ಬಿಟ್ಟುಬಿಡುತ್ತವೆ, ಮತ್ತು ವೈರಸ್ಸಿಗೆ ಬೆಳೆಯಲು ಬೇಕಾದ ಜಾಗವೇ ಅದು. 1960ರ ದಶಕದಲ್ಲಿ ಬ್ಯಾಂಕಾಕ್‌ನ ಮಕ್ಕಳಲ್ಲಿ ಎರಡನೇ ಸಲದ ಡೆಂಗಿಯೇ ಹೆಚ್ಚು ಜೋರಾಗಿರುವುದನ್ನು ಸ್ಕಾಟ್ ಹಾಲ್‌ಸ್ಟೆಡ್ ಎಂಬ ವೈದ್ಯರು ಗಮನಿಸಿದ್ದರು. ನಾಲ್ಕಕ್ಕೂ ಒಟ್ಟಿಗೆ ರಕ್ಷಣೆ ಕೊಡುವ ಲಸಿಕೆ ಮಾಡುವುದು ಇಷ್ಟು ಕಷ್ಟವಾಗಿರುವುದಕ್ಕೂ ಇದೇ ದೊಡ್ಡ ಕಾರಣ. ಅರ್ಧಂಬರ್ಧ ರಕ್ಷಣೆ ಇಲ್ಲಿ ತಿರುಗಿ ಹೊಡೆಯಬಹುದು.

ಗಾಬರಿಯಾಗಬೇಡ. ಎರಡನೇ ಸಲ ಬಂದವರಲ್ಲೂ ಬಹುಪಾಲು ಜನ ಗುಣವಾಗಿ ಮನೆಗೆ ಬರುತ್ತಾರೆ. ನಿಜವಾಗಿಯೂ ಗಾಬರಿಯಾಗಬೇಡ. ಆದರೆ "ಇನ್ನು ಬರಲ್ಲ" ಅನ್ನುವ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು.

ಅಪ್ಪ ಇನ್ನೊಂದು ಮಾತು ಕೇಳಿದ್ದಾರಲ್ಲ, "ಇಷ್ಟು ವರ್ಷ ಓದಿ ಒಂದು ಮಾತ್ರೆ ಕಂಡುಹಿಡಿಯಕ್ಕಾಗಲಿಲ್ವಾ" ಅಂತ. ತಮಾಷೆಗೇ ಕೇಳಿರಬಹುದು, ನನಗೆ ಸ್ವಲ್ಪ ಚುಚ್ಚಿತು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಅವರಿಗೂ ಓದಿ ಹೇಳು.

ಈ ವೈರಸ್ ಅಂದರೆ ಸುಮಾರು 10,700 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ (ಅದರ ವಂಶವಾಹಿ ಬರಹ), ಅದರ ಮೇಲೊಂದು ಹೊದಿಕೆ. ಅಷ್ಟೇ. ಕೋಶದೊಳಗೆ ಹೋದಮೇಲೆ ಆ ಎಳೆಯನ್ನು ನಮ್ಮ ಕೋಶವೇ ಮೋಸಹೋಗಿ ಓದುತ್ತದೆ, ಒಂದು ಉದ್ದನೆಯ ಪ್ರೋಟೀನ್ ತಯಾರಿಸುತ್ತದೆ, ಅದು ತುಂಡಾಗಿ ಹತ್ತು ಪ್ರೋಟೀನುಗಳಾಗುತ್ತವೆ. ಮೂರು ಹೊದಿಕೆ ಮತ್ತು ಒಡಲು ಕಟ್ಟುವುದಕ್ಕೆ. ಮಿಕ್ಕ ಏಳು ಕೋಶವನ್ನು ಬಗ್ಗಿಸಿ ದುಡಿಸಿಕೊಳ್ಳುವುದಕ್ಕೆ. ಕೋಶದ ಒಳಪೊರೆಗಳನ್ನು ಅವು ಒಳಕ್ಕೆ ತಳ್ಳಿ ಸಣ್ಣ ಸಣ್ಣ ಚೀಲ ಮಾಡಿಕೊಳ್ಳುತ್ತವೆ, ಒಂದೊಂದೂ ಸುಮಾರು 90 ನ್ಯಾನೋಮೀಟರ್ ಅಗಲ. ನಕಲು ನಡೆಯುವುದು ಅದರೊಳಗೆ, ಕದ್ದುಮುಚ್ಚಿ. ಬಯಲಲ್ಲಿ ನಡೆದರೆ ನಕಲಿನ ನಡುವೆ ಉಂಟಾಗುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಕೋಶದ ಕಾವಲು ಪ್ರೋಟೀನುಗಳು ಕಂಡು ಬೊಬ್ಬೆ ಹೊಡೆದುಬಿಡುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಚೀಲಗಳ ಸಾಲನ್ನು ಮೊದಲ ಸಲ ನೋಡಿದಾಗ, ವೈರಿಯಾದರೂ ಭೇಷ್ ಅನ್ನಿಸಿತು ನನಗೆ.

ನಕಲು ಮಾಡುವ ಪ್ರೋಟೀನಿನ ಹೆಸರು ಎನ್‌ಎಸ್5. ಬರೆದದ್ದನ್ನು ತಿರುಗಿ ಓದಿ ನೋಡದೆ ಕಡತದ ಮೇಲೆ ಕಡತ ನಕಲಿಳಿಸುವ ಗುಮಾಸ್ತ ಅಂದುಕೊಳ್ಳಿ. ಇಂಥ ವೈರಸ್ಸುಗಳು ಸುಮಾರು 10,000ದಿಂದ 1,00,000 ಅಕ್ಷರಕ್ಕೆ ಒಂದು ತಪ್ಪು ಮಾಡುತ್ತವೆ. 10,700 ಅಕ್ಷರದ ಎಳೆಗೆ ಲೆಕ್ಕ ಹಾಕಿ, ಪ್ರತಿ ನಕಲಲ್ಲಿ ಅಲ್ಲದಿದ್ದರೂ ಹತ್ತು ನಕಲಿಗೊಂದರಲ್ಲಾದರೂ ತಪ್ಪು ಇದ್ದೇ ಇರುತ್ತದೆ. (ಕೊರೊನಾ ವೈರಸ್ಸಿಗೆ ಸುಮಾರು 30,000 ಅಕ್ಷರ, ಅದಕ್ಕೆ ತಪ್ಪು ತಿದ್ದುವ ಪ್ರೋಟೀನು ಬೇರೆಯೇ ಇದೆ. ಡೆಂಗಿಗೆ ಆ ಭಾಗ್ಯವಿಲ್ಲ.) ತಪ್ಪಾದವು ಹೆಚ್ಚಿನವು ಕೆಲಸಕ್ಕೆ ಬಾರದೆ ಸಾಯುತ್ತವೆ. ಆದರೂ ಒಬ್ಬ ರೋಗಿಯ ಮೈಯಲ್ಲಿ ಇರುವುದು ಒಂದು ವೈರಸ್ ಅಲ್ಲ, ಅಲ್ಪಸ್ವಲ್ಪ ಬೇರೆಬೇರೆಯಾದ ಕೋಟಿಗಟ್ಟಲೆ ದಾಯಾದಿಗಳ ಗುಂಪು. ನಾವು ಔಷಧಿ ಹಾಕಿದಾಗ ಅದಕ್ಕೆ ಜಗ್ಗದವನೊಬ್ಬ ಆ ಗುಂಪಿನಲ್ಲಿ ಮೊದಲೇ ಕೂತಿರಬಹುದು.

ಹಾಗಾದರೆ ತಪ್ಪು ಕಡಿಮೆ ಮಾಡುವ ವೈರಸ್ ಇನ್ನೂ ಗಟ್ಟಿಯಾಗಿರಬೇಕಲ್ಲ? ಇಲ್ಲ, ನನಗೆ ಬಹಳ ಇಷ್ಟವಾದ ಸಂಗತಿ ಇದು. ಪೋಲಿಯೋ ವೈರಸ್ಸಿನ ನಕಲು ಪ್ರೋಟೀನಿನಲ್ಲಿ ಒಂದೇ ಒಂದು ಬದಲಾವಣೆಯಾಗಿ ತಪ್ಪು ಕಡಿಮೆ ಮಾಡುವ ತಳಿ ಸಿಕ್ಕಿತ್ತು. 2005–06ರಲ್ಲಿ ಅದನ್ನು ಇಲಿಗಳಿಗೆ ಕೊಟ್ಟು ನೋಡಿದರೆ ಸಾಮಾನ್ಯ ವೈರಸ್ಸಿನಷ್ಟು ರೋಗ ತರಲಿಲ್ಲ. ತಪ್ಪುಗಳೇ ವೈರಸ್ಸಿನ ಬಂಡವಾಳ. ಬೇಕೆಂದೇ ತಪ್ಪು ಹೆಚ್ಚಿಸಿದರೂ ವೈರಸ್ ಕುಸಿಯುತ್ತದೆ, ರಿಬಾವಿರಿನ್ ಎಂಬ ಔಷಧಿ ಪೋಲಿಯೋ ವೈರಸ್ಸಿಗೆ ಮಾಡುವುದು ಅದನ್ನೇ ಎಂದು 2000ದಲ್ಲಿ ತೋರಿಸಿದರು.

ಮಾತ್ರೆಯ ಮಾತಿಗೆ ಬರುತ್ತೇನೆ. ಡೆಂಗಿಯದೇ ವಂಶದ, ಯಕೃತ್ತನ್ನು ಕಾಡುವ ಹೆಪಟೈಟಿಸ್ ಸಿ ವೈರಸ್ಸಿಗೆ 2013ರಲ್ಲಿ ಸೋಫೋಸ್‌ಬುವಿರ್ ಎಂಬ ಮಾತ್ರೆ ಬಂತು, ಬೇರೆ ಔಷಧಿಗಳ ಜೊತೆ ಕೊಟ್ಟರೆ ಕೆಲವೇ ವಾರಗಳಲ್ಲಿ ಬಹುಪಾಲು ಜನ ಪೂರ್ತಿ ಗುಣ. ಅದು ಹಿಡಿಯುವುದೂ ನಕಲು ಮಾಡುವ ಪ್ರೋಟೀನನ್ನೇ. ಆದರೆ ಹೆಪಟೈಟಿಸ್ ಸಿ ವರ್ಷಗಟ್ಟಲೆ ಮೈಯಲ್ಲಿ ಇರುತ್ತದೆ, ಔಷಧಿಗೆ ಸಮಯ ಸಿಗುತ್ತದೆ. ಡೆಂಗಿಯದು ವಾರದ ಆಟ. ಜ್ವರ ಬಂದು, ಡಾಕ್ಟರ ಹತ್ತಿರ ಹೋಗಿ, ರಕ್ತ ಕೊಟ್ಟು, ವರದಿ ಬರುವ ಹೊತ್ತಿಗೆ ವೈರಸ್ ತಾನಾಗಿಯೇ ಇಳಿಯುತ್ತಿರುತ್ತದೆ. ಬಾಲಾಪಿರಾವಿರ್ ಎಂಬ ಔಷಧಿಯನ್ನು ವಿಯೆಟ್ನಾಂನಲ್ಲಿ ಡೆಂಗಿ ರೋಗಿಗಳಿಗೆ ಕೊಟ್ಟು ನೋಡಿದರು, ರಕ್ತದಲ್ಲಿನ ವೈರಸ್ ಅದರಿಂದೇನೂ ಬೇಗ ಇಳಿಯಲಿಲ್ಲ. ಅಪ್ಪನಿಗೆ ಹೇಳು, ನಾವು ಸುಮ್ಮನೆ ಕೂತಿಲ್ಲ.

ನಾನು ಮಾಡುವುದು ಇಷ್ಟು: ವೈರಸ್ಸಿನ ಎಳೆಯಿಂದ ಒಡಲು ಕಟ್ಟುವ ಭಾಗವನ್ನು ಕತ್ತರಿಸಿ ತೆಗೆದು, ಅಲ್ಲಿ ಬೆಳಕು ಕೊಡುವ ಪ್ರೋಟೀನಿನ ಜೀನ್ ಇಟ್ಟಿದ್ದೇವೆ. ಆ ಎಳೆ ಕೋಶದೊಳಗೆ ನಕಲಾಗುತ್ತದೆ, ಆದರೆ ವೈರಸ್ಸಾಗಿ ಹೊರಗೆ ಬರಲಾರದು. ನಕಲಾದಷ್ಟೂ ಬೆಳಕು. ಎಳೆಯನ್ನು ಕೋಶಕ್ಕೆ ಹಾಕಿ ನಾಲ್ಕು ಗಂಟೆ ಕಳೆದ ಮೇಲೆ ಅಳೆದರೆ ಮಂಕು, ಮಾರನೇ ದಿನ ಸಂಖ್ಯೆ ಏರತೊಡಗುತ್ತದೆ. ಎನ್‌ಎಸ್5ರ ಮುಖ್ಯ ಜಾಗದಲ್ಲಿ ಕೈಯಾಡಿಸಿ ಕೆಡಿಸಿದ ಎಳೆ ಮಾತ್ರ ಆ ಮಂಕಿನಿಂದಲೂ ಕೆಳಗಿಳಿದು ಆರಿಹೋಗುತ್ತದೆ. ಔಷಧಿ ಹಾಕಿದರೂ ಬೆಳಕು ಆರದ ಕೋಶ ಸಿಕ್ಕರೆ ನನಗೆ ಹಬ್ಬ, ಯಾವ ಅಕ್ಷರ ಬದಲಾಗಿದೆ ಅಂತ ಹುಡುಕುತ್ತಾ ಕೂರುತ್ತೇನೆ. ಇಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಭಾನುವಾರವೂ ಕೋಶಗಳಿಗೆ ದ್ರವ ಬದಲಿಸಲು ಬರಬೇಕು, ಅವಕ್ಕೆ ರಜೆ ಗೊತ್ತಿಲ್ಲ. ಇಲ್ಲಿಯವರು ಫ್ರೀಜರುಗಳಿಗೂ ಹೆಸರಿಟ್ಟು ಕರೆಯುತ್ತಾರೆ, ಮೈನಸ್ 80 ಡಿಗ್ರಿಯ ಒಂದಕ್ಕೆ ಹುಟ್ಟುಹಬ್ಬವೂ ಮಾಡಿದರು.

ಹೆಮ್ಮೆಯ ವಿಷಯ ಒಂದು. ನಾವು ಬಳಸುವ ಸೊಳ್ಳೆಯ ಕೋಶಗಳು, 28 ಡಿಗ್ರಿಯಲ್ಲಿ ಬೆಳೆಯುವಂಥವು, ಮೂಲತಃ ಪುಣೆಯವು. 1967ರಲ್ಲಿ ಅಲ್ಲಿನ ವೈರಸ್ ಸಂಶೋಧನಾ ಕೇಂದ್ರದಲ್ಲಿ ಕೆ. ಆರ್. ಪಿ. ಸಿಂಗ್ ಸೊಳ್ಳೆಯ ಮರಿಗಳಿಂದ ಬೆಳೆಸಿದ ಕೋಶಗಳ ಸಂತತಿ ಅದು. ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಪತ್ತೆಹಚ್ಚಿದ್ದೂ ಅದೇ ಕೇಂದ್ರ. ಇಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಈಗ ಎಲ್ಲರಿಗೂ ಗೊತ್ತು, ನಾನು ಬಿಡಲಿಲ್ಲ.

ನನಗೆ ಅಂಟಿಕೊಳ್ಳುತ್ತದೆ ಅಂತ ಹೆದರಿದ್ದೀಯಲ್ಲ, ಆಗೋ ಮಾತೇ ಅಲ್ಲ. ಹೇಳಿದೆನಲ್ಲ, ನನ್ನ ಎಳೆ ಹೊರಗೆ ಬರುವುದೇ ಇಲ್ಲ. ಡೆಂಗಿ ಉಸಿರಿನಿಂದ ಹರಡುವುದಿಲ್ಲ, ಸೊಳ್ಳೆ ಬೇಕು, ಈ ಚಳಿಯಲ್ಲಿ ಆ ಸೊಳ್ಳೆ ಇಲ್ಲ. ಕೈಗವಸು, ಗೌನು, ಗಾಜಿನ ಮರೆ, ಎಲ್ಲ ಇದೆ. ಸತ್ಯವಾಗಿಯೂ ನಿಮ್ಮೆಲ್ಲರಿಗಿಂತ ನಾನೇ ಸುರಕ್ಷಿತ. ಸ್ವೆಟರೂ ಹಾಕುತ್ತೇನೆ.

ಸುಧಿಗೆ ಮತ್ತೆ ಜ್ವರ ಬಂದರೆ ಹಿಂದೆ ಒಮ್ಮೆ ಬಂದಿತ್ತು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಪ್ಯಾರಾಸಿಟಮಾಲ್ ಸರಿ, ಆಸ್ಪಿರಿನ್, ಐಬುಪ್ರೊಫೇನ್ ಬೇಡವೇ ಬೇಡ. ಜ್ವರ ಇಳಿದ ದಿನ "ಅಬ್ಬಾ, ಮುಗೀತು" ಅಂದುಕೊಳ್ಳಬೇಡಿ, ಕಣ್ಣಿಡಬೇಕಾದದ್ದೇ ಆಗ, ಜ್ವರ ಶುರುವಾದ ಮೂರರಿಂದ ಏಳನೇ ದಿನದ ಮಧ್ಯೆ. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಲ್ಲಿ ರಕ್ತ ಬಂದರೆ, ಮಂಕಾಗಿ ಬಿದ್ದುಕೊಂಡರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳುತ್ತಾರೆ. ಅಪಾಯ ಹೆಚ್ಚಿರುವುದು ರಕ್ತನಾಳದಿಂದ ದ್ರವ ಸೋರಿಹೋಗುವುದರಲ್ಲಿ. ಹಾಗೆ ಸೋರಿದರೆ ರಕ್ತ ಮಂದವಾಗುತ್ತದೆ, ಎಷ್ಟು ಮಂದವಾಗಿದೆ ಅಂತಲೂ ಕೇಳಿ. ಈ ಸೊಳ್ಳೆ ಹಗಲಲ್ಲೇ ಕಚ್ಚುವುದು, ಮಧ್ಯಾಹ್ನ ಮಲಗುವಾಗಲೂ ಪರದೆ ಇರಲಿ. ನೀರಿನ ಡ್ರಮ್ಮು ಖಾಲಿ ಮಾಡಿದರೆ ಸಾಲದು, ಒಳಗೋಡೆ ಉಜ್ಜಿ ತೊಳೆಯಿಸು, ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಸೆಂಟ್ರಿಫ್ಯೂಜ್ ನಿಂತಿತು, ಓಡಬೇಕು. ಮದುವೆ ವಿಷಯ ಮುಂದಿನ ಕಾಗದದಲ್ಲಿ. ಪರದೆ ಕಟ್ಟಿದ ಫೋಟೋ ಸುಧಿ ಕೈಲಿ ಇವತ್ತೇ ಕಳಿಸು.

ನಿನ್ನ,
ಚಿನ್ನಿ