ಐಟಿಐ ಸೇರಿಸುವ ಮೊದಲು ವರ್ಕ್‌ಶಾಪ್ ನೋಡಿ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಲ್ಲೇ ಐಟಿಐ ಪ್ರವೇಶ ಶುರುವಾಗುತ್ತದೆ. ಯಾವ ಟ್ರೇಡಿಗೆ ಬೇಗ ಕೆಲಸ ಸಿಗುತ್ತದೆ ಎಂಬುದೇ ಪೋಷಕರ ಪ್ರಶ್ನೆ. ಕಲಿಯುವಾಗ ಮಕ್ಕಳ ಕೈಗೆ ಕೆಲಸ ಸಿಗುತ್ತದೆಯೇ ಎಂಬುದನ್ನು ಅದಕ್ಕೂ ಮೊದಲು ಕೇಳಬೇಕು.

ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡುಗಳು. ವೆಲ್ಡರ್ ಒಂದೇ ವರ್ಷ, ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ; ಹಿಂದೆ ಎನ್‌ಸಿವಿಟಿ ಹೆಸರಿನಲ್ಲಿದ್ದ) ಸಂಯೋಜನೆ, ಅಂದರೆ ಮಾನ್ಯತೆ, ಸಿಗುವುದು ಇಡೀ ಸಂಸ್ಥೆಗಲ್ಲ, ಟ್ರೇಡಿಗೆ ಮತ್ತು ಯೂನಿಟ್ಟಿಗೆ (ಒಂದು ಬ್ಯಾಚಿಗೆ). ಬೋರ್ಡಿನ ಮೇಲೆ ಬರೆದಿದೆ ಎಂದು ನಂಬಬೇಡಿ, ನಿಮ್ಮ ಮಗ ಅಥವಾ ಮಗಳು ಸೇರುವ ಯೂನಿಟ್ಟಿನ ಆದೇಶಪತ್ರವನ್ನೇ ತೋರಿಸಲು ಹೇಳಿ. ಶೇ 80ರಷ್ಟು ಹಾಜರಿ ಇಲ್ಲದಿದ್ದರೆ ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕೂರುವಂತಿಲ್ಲ. ‘ದಿನಾ ಬರೋದೇನೂ ಬೇಡ, ಹಾಜರಿ ನಾವು ನೋಡ್ಕೋತೀವಿ’ ಎನ್ನುವವರಿದ್ದರೆ ಗೇಟಿನಿಂದಲೇ ವಾಪಸ್ ಬನ್ನಿ.

ತರಗತಿ ನಡೆಯುವ ದಿನವೇ ಹೋಗಿ ವರ್ಕ್‌ಶಾಪ್ ನೋಡಿ. ಬೆಂಚ್ ವೈಸ್‌ಗಳ ಕೆಳಗೆ ಕಬ್ಬಿಣದ ಪುಡಿ ಬಿದ್ದಿರಬೇಕು, ಲೇತ್‌ನ ಟ್ರೇಯಲ್ಲಿ ಹೊಸ ಚಿಪ್ಸ್ (ಕೊರೆದ ಲೋಹದ ಚೂರು) ಇರಬೇಕು. ನೆಲ ಫಳಫಳ ಹೊಳೆಯುತ್ತಿದ್ದರೆ ಅನುಮಾನಪಡಿ. ಫಿಟ್ಟರ್ ಮಕ್ಕಳು ಮೊದಲ ತಿಂಗಳುಗಳಲ್ಲಿ ಅರ (ಫೈಲ್) ಹಿಡಿದೇ ಕೈ ಪಳಗಿಸಿಕೊಳ್ಳಬೇಕು. ಕೈ ತೂಗಾಡಿದರೆ ಅಂಚು ಸವೆದು ಮಧ್ಯ ಉಬ್ಬಿ ನಿಲ್ಲುತ್ತದೆ. ಮೂಲೆಮಟ್ಟ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಗುಟ್ಟು ರಟ್ಟು. 10 ಮಿ.ಮೀ. ಬೋಲ್ಟಿಗಾಗಿ ತೂತಿನೊಳಗೆ ಮರೆ (ಥ್ರೆಡ್) ಕೊರೆಯುವ ಎಂ10 ಟ್ಯಾಪಿಗೆ 8.5 ಮಿ.ಮೀ. ತೂತು ಬೇಕು, ಏಕೆಂದರೆ ಅದರ ಪಿಚ್ (ಒಂದು ಮರೆಯಿಂದ ಇನ್ನೊಂದಕ್ಕೆ ಇರುವ ಅಂತರ) 1.5 ಮಿ.ಮೀ., ಹತ್ತರಲ್ಲಿ ಅಷ್ಟು ಕಳೆಯಬೇಕು. 8 ಕೊರೆದರೆ ಟ್ಯಾಪ್ ಬಿಗಿದು ಮುರಿಯುತ್ತದೆ, 9 ಕೊರೆದರೆ ಮರೆ ಆಳವಾಗಿ ಬೀಳದೆ ಬೋಲ್ಟ್ ಬಿಗಿಯಾಗಿ ಹಿಡಿಯುವುದಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ ಚಿಪ್ಸ್ ತುಂಡರಿಸದಿದ್ದರೂ ಮುರಿಯುವುದೇ. ಮುರಿದೀತು ಎಂದು ಟ್ಯಾಪುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಕಡೆ ಇದನ್ನೆಲ್ಲ ಬರೀ ರೆಕಾರ್ಡ್ ಪುಸ್ತಕದಲ್ಲಿ ಬರೆಸುತ್ತಾರೆ.

ವೆಲ್ಡಿಂಗ್‌ನಲ್ಲಿ ರಾಡ್‌ ಖರ್ಚಾದಷ್ಟೇ ವಿದ್ಯೆ. 6 ಮಿ.ಮೀ. ಪ್ಲೇಟಿಗೆ 3.15 ಮಿ.ಮೀ. ರಾಡ್, ಸುಮಾರು 110 ಆಂಪಿಯರ್ ಎಂದು ಬಾಯಿಪಾಠ ಮಾಡಿಸುವುದು ಸುಲಭ. ಕರೆಂಟ್ ಕಡಿಮೆಯಾದರೆ ರಾಡ್ ಅಂಟಿಕೊಳ್ಳುತ್ತದೆ, ತೇವ ಹಿಡಿದ ರಾಡ್ ಬೆಸುಗೆಯಲ್ಲಿ ಗಾಳಿಗುಳ್ಳೆ ಬಿಡುತ್ತದೆ, ಒಂದು ರನ್ನಿನ (ಬೆಸುಗೆ ಸಾಲಿನ) ಮೇಲೆ ಕಟ್ಟುವ ಸ್ಲ್ಯಾಗ್ ಎಂಬ ಗಟ್ಟಿ ಪೊರೆ ಕೆರೆಯದೆ ಮೇಲೆ ಇನ್ನೊಂದು ಎಳೆದರೆ ಸ್ಲ್ಯಾಗ್ ಒಳಗೇ ಸಿಕ್ಕಿಕೊಳ್ಳುತ್ತದೆ. ಇವು ಕೈ ಸುಟ್ಟುಕೊಂಡೇ ತಿಳಿಯುವಂಥವು.

ಪಾಸಾದ ಮೇಲೆ ಅಪ್ರೆಂಟಿಸ್ ತಪ್ಪಿಸಬೇಡಿ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ರೈಲ್ವೆ, ಸಾರಿಗೆ ನಿಗಮಗಳು ಐಟಿಐ ಮುಗಿಸಿದವರನ್ನು ತೆಗೆದುಕೊಳ್ಳುತ್ತವೆ. ಸೇರುವಾಗ 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಣಿಯಾಗಿದೆಯೇ ನೋಡಿಕೊಳ್ಳಿ. ‘ಟ್ರೈನಿ’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ದುಡಿದರೂ ನೋಂದಣಿ ಇಲ್ಲದಿದ್ದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗದು. ಮುಂದೆ ಓದುವವರು ಎರಡು ವರ್ಷದ ಐಟಿಐ ಆಧಾರದ ಮೇಲೆ ಡಿಪ್ಲೊಮಾದ ಮೂರನೇ ಸೆಮಿಸ್ಟರಿಗೆ ನೇರವಾಗಿ ಸೇರಬಹುದು.

ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ), ರೋಬೊಟ್‌ನಂಥ ಹೊಸ ಯಂತ್ರಗಳು ಬಂದಿವೆ, ಸಂತೋಷ. ಅವು ಓಡಬೇಕಾದರೆ ಟೂಲು, ಕಚ್ಚಾವಸ್ತು, ಕಲಿಸಲು ಕಾಯಂ ತರಬೇತಿ ಅಧಿಕಾರಿ ಬೇಕು. ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯು ಸೀಟುಗಳ ಪಟ್ಟಿಯ ಜೊತೆಗೇ, ಸರ್ಕಾರಿ ಖಾಸಗಿ ಎನ್ನದೆ, ಪ್ರತಿ ಯೂನಿಟ್ಟಿನಲ್ಲಿ ಚಾಲ್ತಿಯಲ್ಲಿರುವ ಯಂತ್ರಗಳೆಷ್ಟು, ಖಾಲಿ ಇರುವ ಬೋಧಕ ಹುದ್ದೆಗಳೆಷ್ಟು, ಹಿಂದಿನ ವರ್ಷ ತರಬೇತಿ ಸಾಮಗ್ರಿಗೆ ಒಬ್ಬೊಬ್ಬರ ಲೆಕ್ಕದಲ್ಲಿ ಖರ್ಚಾದದ್ದೆಷ್ಟು ಎಂಬುದನ್ನು ಅರ್ಜಿ ಕರೆಯುವ ದಿನವೇ ಪ್ರಕಟಿಸಲಿ.

– ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ದಾವಣಗೆರೆ