ಯೆಜ್ಡಿಯ ಸೈಲೆನ್ಸರ್ ನಟ್ಟಿಗೆ ಉಳಿ ಇಡಬೇಡಿ

ಮಾನ್ಯ ಸಂಪಾದಕರೇ,

ಜುಲೈ ಎರಡನೇ ಭಾನುವಾರ, ಜಾವಾ–ಯೆಜ್ಡಿ ದಿನದಂದು ಹಳೆಯ ಗಾಡಿಗಳೆಲ್ಲ ಬೀದಿಗೆ ಬರುತ್ತವೆ. ಬಾಗಿ ಬ್ಯಾರೆಲ್ (ಎಂಜಿನ್ನಿನ ಸಿಲಿಂಡರ್) ಹತ್ತಿರ ನೋಡಿದರೆ ಸಂಕಟವಾಗುತ್ತದೆ. ಬ್ಯಾರೆಲ್ಲಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪನ್ನು ಹಿಡಿದಿಡುವ ರೆಕ್ಕೆ ನಟ್ಟಿನ ಅಂಚುಗಳು ಉಳಿ ಏಟಿಗೆ ಮುರಿದಿರುತ್ತವೆ, ಕೆಳಗೆ ಕಪ್ಪು ಎಣ್ಣೆ ಜಿನುಗಿರುತ್ತದೆ, ಕೆಲವೆಡೆ ನಟ್ಟನ್ನೇ ಬ್ಯಾರೆಲ್ಲಿಗೆ ವೆಲ್ಡ್ ಮಾಡಿರುತ್ತಾರೆ. ಈ ಟೂ ಸ್ಟ್ರೋಕ್ ಗಾಡಿಗಳನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. 2018ರಲ್ಲಿ ಮತ್ತೆ ಬಂದ ಜಾವಾ ಫೋರ್ ಸ್ಟ್ರೋಕ್ ಗಾಡಿ, ಅದರ ಬಿಡಿಭಾಗ ಹಳೆಯದಕ್ಕೆ ಕೂರುವುದಿಲ್ಲ. ನಟ್ ಹೋದರೆ ಇನ್ನೊಂದು ತರಬಹುದು. ಬ್ಯಾರೆಲ್ ಬಾಯಿಯ ಥ್ರೆಡ್ ಹೋದರೆ ಲೇತ್ ಕೆಲಸವೇ ಗತಿ. ಅದಕ್ಕಾಗಿ ಈ ಪತ್ರ.

ಸದ್ದು ಹೆಚ್ಚಾದ ಕೂಡಲೇ ಸೈಲೆನ್ಸರ್ ಬದಲಿಸಲು ಹೊರಡಬೇಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಮೊದಲ ನಿಮಿಷದೊಳಗೆ ಒದ್ದೆ ಬಟ್ಟೆಯ ಮಡಿಕೆಯಿಂದ ಸೈಲೆನ್ಸರ್ ಬಾಲವನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಎರಡು ಸೈಲೆನ್ಸರ್ ಇರುವ 250 ಸಿಸಿ ಗಾಡಿಯಲ್ಲಿ ಇನ್ನೊಂದು ಬದಿಗೆ ಜೊತೆಯವರು ಬೇಕು. ಜೋಡಣೆ ಬಿಗಿಯಾಗಿದ್ದರೆ ಎಂಜಿನ್ ಉಸಿರುಗಟ್ಟಿ ಮುಗ್ಗರಿಸುತ್ತದೆ. ಸಡಿಲವಿದ್ದರೆ ಆ ಜಾಗದಲ್ಲಿ ಫುಸ್ಸೆಂದು ಗಾಳಿ ಹಾಯುತ್ತದೆ. ಇದನ್ನು ಬಯಲಿನಲ್ಲೇ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಸೋರುವ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ನಟ್ ಯಾಕೆ ಸಡಿಲವಾಗುತ್ತದೆ? ಬ್ಯಾರೆಲ್ ಬೀಡು ಕಬ್ಬಿಣದ್ದು. ನಟ್ ಅಲ್ಯುಮಿನಿಯಂದಾದರೆ ಅದೇ ಬಿಸಿಗೆ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ, ಬಿಗಿ ತಪ್ಪುತ್ತದೆ. ಅದರ ಜೊತೆಗೆ ಎಂಜಿನ್ನಿನ ಅದುರಾಟ. ಆದರೆ ನಿಜವಾದ ಕಾರಣ ಸಾಮಾನ್ಯವಾಗಿ ಹಿಂದುಗಡೆ ಇರುತ್ತದೆ. ಸೈಲೆನ್ಸರ್ ಬ್ರಾಕೆಟ್ ಬಿರುಕು ಬಿಟ್ಟೋ ಬೋಲ್ಟ್ ಬಿದ್ದುಹೋಗಿಯೋ ಇಡೀ ಭಾರ ಮುಂದಿನ ನಟ್ಟಿಗೆ ಜೋತುಬಿದ್ದಿರುತ್ತದೆ. ಬ್ರಾಕೆಟ್ ಸರಿಪಡಿಸದೆ ಎಷ್ಟು ಬಿಗಿ ಮಾಡಿದರೂ ವಾರದಲ್ಲಿ ಮತ್ತೆ ಅದೇ ಪಾಡು. ಅಷ್ಟರಲ್ಲಿ ಕುಣಿಯುವ ಪೈಪು ಥ್ರೆಡ್ಡನ್ನು ತಿಂದುಹಾಕುತ್ತದೆ.

ಬಿಚ್ಚಲು ಕೊಕ್ಕೆ ಸ್ಪ್ಯಾನರ್ ಬೇಕು. ರೆಕ್ಕೆಗಳಿಗೆ ಸರಿಯಾಗಿ ಕೂರುವ ಅಳತೆಯದನ್ನೇ ಮಾಡಿಸಿ, ಖರ್ಚು ಹೆಚ್ಚೇನಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮರುದಿನ ಎಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಹಿಗ್ಗಿದ ನಟ್ ಸುಲಭವಾಗಿ ಬರುತ್ತದೆ. ಮೊದಲು ಬ್ರಾಕೆಟ್ ಮತ್ತು ಪೈಪು–ಸೈಲೆನ್ಸರ್ ಕೂಡುವಲ್ಲಿನ ಕ್ಲ್ಯಾಂಪ್ ಸಡಿಲಿಸಿ, ನಟ್ಟಿಗೆ ಕೈಹಾಕುವುದು ಆಮೇಲೆ.

ಥ್ರೆಡ್ಡಿನಲ್ಲಿ ಕೂತ ಮಸಿಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ತಂತಿ ಬ್ರಷ್ಷಿನಿಂದ ತೆಗೆಯಿರಿ. ಜೋಡಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ರಿಂಗ್ ಪ್ರತಿ ಸಲವೂ ಹೊಸದಿರಲಿ. ಪೂರ್ತಿ ತಾಮ್ರದ ರಿಂಗ್ ಮಾತ್ರ ಮರುಬಳಕೆಗೆ ಬರುತ್ತದೆ: ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಹಳೆಯ ರಿಂಗುಗಳಲ್ಲಿ, ಕೆಲವರು ಸುತ್ತುವ ಬಿಳಿ ಹುರಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಣಗಿರುವಾಗ ಕೆರೆಯಬೇಡಿ, ಊದಬೇಡಿ. ಒದ್ದೆ ಮಾಡಿ ತೆಗೆದು ಚೀಲದಲ್ಲಿ ಕಟ್ಟಿ ಎಸೆಯಿರಿ, ಆ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ. ಎಪಾಕ್ಸಿ ಪುಟ್ಟಿ, ಕೆಂಪು ಸಿಲಿಕೋನ್ ಎರಡೂ ಎಕ್ಸಾಸ್ಟ್ ಬಾಯಿಯ ಬಿಸಿ ತಾಳುವುದಿಲ್ಲ, ಸುಟ್ಟು ಉದುರುತ್ತವೆ.

ಜೋಡಿಸುವಾಗ ಥ್ರೆಡ್ಡಿಗೆ ತಾಮ್ರದ ಗ್ರೀಸ್ ತೆಳ್ಳಗೆ ಸವರಿ. ಕನಿಷ್ಠ ಮೂರು ಸುತ್ತು ಬರಿಗೈಯಲ್ಲೇ ಹತ್ತಬೇಕು. ಹತ್ತದಿದ್ದರೆ ಪೈಪು ಓರೆಯಾಗಿದೆ ಎಂದರ್ಥ, ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಅಡ್ಡ ಥ್ರೆಡ್ ಬೀಳುತ್ತದೆ. ಮೊದಲು ನಟ್, ಆಮೇಲೆ ಕ್ಲ್ಯಾಂಪ್, ಕೊನೆಗೆ ಹಿಂದಿನ ಬ್ರಾಕೆಟ್. ಬ್ರಾಕೆಟ್ ತೂತು ಕೂಡದಿದ್ದರೆ ಪೈಪನ್ನು ಎಳೆದು ಕೂಡಿಸದೆ ವಾಷರ್ ಇಟ್ಟು ಹೊಂದಿಸಿ. ಹತ್ತು ನಿಮಿಷ ಓಡಿಸಿ, ಬೆಚ್ಚಗಿರುವಾಗಲೇ ದಪ್ಪ ಕೈಗವಸು ಹಾಕಿಕೊಂಡು ಮತ್ತೊಮ್ಮೆ ಬಿಗಿ ಮಾಡಿ. ಹೊಸ ರಿಂಗ್ ಕೂತುಕೊಳ್ಳುವುದು ಆಗಲೇ. 50 ಕಿ.ಮೀ. ಆದಮೇಲೆ ಇನ್ನೊಮ್ಮೆ ನೋಡಿ.

ಇಷ್ಟಾದರೂ ಸೋರಿದರೆ ಸೈಲೆನ್ಸರಿನೊಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತೂತುಗಳ ಒಳಭಾಗ) ಕಟ್ಟಿಕೊಂಡಿರಬಹುದು. ಪೆಟ್ರೋಲಿಗೆ ಅಂದಾಜಿನಲ್ಲಿ ಸುರಿದ ಟೂಟಿ (2ಟಿ) ಆಯಿಲ್ ಮಸಿಯಾಗಿ ತೂತುಗಳನ್ನು ಮುಚ್ಚಿದಾಗ ಒತ್ತಡ ಹಿಂದಕ್ಕೆ ಬಂದು ಜೋಡಣೆಯಲ್ಲಿ ದಾರಿ ಹುಡುಕುತ್ತದೆ. ಬ್ಯಾಫಲ್ ಹೊರಗೆಳೆದು, ಲೀಟರ್ ನೀರಿಗೆ 100 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿ ರಾತ್ರಿಯಿಡೀ ನೆನೆಸಿ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು. ಕನ್ನಡಕ, ಕೈಗವಸು ಕಡ್ಡಾಯ. ಅಲ್ಯುಮಿನಿಯಂ ನಟ್ಟನ್ನು ಆ ನೀರಿಗೆ ಹಾಕಿದರೆ ಕರಗಿಹೋಗುತ್ತದೆ.

100 ಸಿಸಿಯ ಹಳೆಯ ಫೋರ್ ಸ್ಟ್ರೋಕ್ ಗಾಡಿಗಳ ಕೆಲಸ ಇದಕ್ಕಿಂತ ಹಗುರ. ಎರಡು ಸ್ಟಡ್ (ತಲೆಯಿಲ್ಲದ ಬೋಲ್ಟ್), ಎರಡು ನಟ್, ನಡುವೆ ಒಂದು ರಿಂಗ್. ಎರಡೂ ನಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಸರದಿಯಲ್ಲಿ ತಿರುಗಿಸಿ. ತುಕ್ಕು ಹಿಡಿದ ಸ್ಟಡ್ ಜೋರು ಮಾಡಿದರೆ ಹೆಡ್ಡಿನೊಳಗೇ ಮುರಿಯುತ್ತದೆ.

ಥ್ರೆಡ್ ಸವೆದೇ ಹೋಗಿದ್ದರೂ ದಯವಿಟ್ಟು ಪೈಪನ್ನು ಬ್ಯಾರೆಲ್ಲಿಗೆ ವೆಲ್ಡ್ ಮಾಡಿಸಬೇಡಿ. ಒಂದೇ ಕಡೆ ಕಾದ ಬೀಡು ಬಿರಿಯುತ್ತದೆ, ಹೊಗೆ ಹೊರಬರುವ ಪೋರ್ಟಿನ ಮಸಿ ತೆಗೆಯುವ ದಾರಿಯೂ ಮುಚ್ಚುತ್ತದೆ. ಬ್ಯಾರೆಲ್ ಬಿಚ್ಚಿ, ಇಡಿಯಾಗಿ ನಿಧಾನಕ್ಕೆ ಕಾಯಿಸಿ ಹಿತ್ತಾಳೆ ಬ್ರೇಜಿಂಗ್ ತುಂಬಿಸಿ ಲೇತಿನಲ್ಲಿ ಥ್ರೆಡ್ ಕಡಿಯುವ ಕುಶಲಕರ್ಮಿಗಳು ಮೈಸೂರು, ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಅವರ ಬಳಿಗೆ ಹೋಗುವಾಗ ಹಾಕಬೇಕಾದ ನಟ್ಟನ್ನೂ ಜೊತೆಗೆ ಒಯ್ಯಿರಿ, ಥ್ರೆಡ್ಡನ್ನು ಅದಕ್ಕೆ ಹೊಂದಿಸಿಯೇ ಕಡಿಯಬೇಕು.

– ಹಳೆಯ ಮೋಟಾರ್ ಸೈಕಲ್ ದುರಸ್ತಿಗಾರರು, ಮೈಸೂರು